ಹುಕ್ಕು ಹಾಕುವ ಹೊತ್ತಿನ ಕಾದಂಬರಿ

ಈಚೆಗೆ ಮೂರು ಪುಸ್ತಕ ಓದಿದೆ. ಎರಡು ಕಾದಂಬರಿ, ಇನ್ನೊಂದು ಕೆರೆಗಳ ಬಗ್ಗೆ ಬರೆದದ್ದು. ಓದಿದೆ ಎಂದರೆ ಕೂತು ಓದಿದ್ದಲ್ಲ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ನನ್ನದೊಂದು ಹೊಲಿಗೆ ಸಾಮಾನಿನ ಅಂಗಡಿಯಿದೆ. ಅಲ್ಲಿ ಗಲ್ಲಾದ ಹಿಂದೆ ನಿಂತು, ಒಂದು ಕಣ್ಣು ಪುಟದ ಮೇಲೆ, ಇನ್ನೊಂದು ಕಣ್ಣು ಲೇಸಿನ ಸುರುಳಿ ಬಿಚ್ಚುತ್ತಿರುವ ಗಿರಾಕಿಯ ಕೈಮೇಲೆ ಇಟ್ಟು ಓದಿದ್ದು. ಮನೆಯಲ್ಲಿ ಒಳ್ಳೆಯ ಕುರ್ಚಿ ಇದೆ, ದೀಪ ಇದೆ, ಗದ್ದಲವಿಲ್ಲ. ಆದರೆ ಅಲ್ಲಿ ಕೂತರೆ ಎರಡು ಪುಟ ದಾಟುವುದಿಲ್ಲ. ಎದ್ದು ಒಣಗಿದ ಬಟ್ಟೆ ಮಡಿಸುತ್ತೇನೆ, ಫ್ರಿಜ್ ತೆಗೆದು ಏನೂ ತೆಗೆದುಕೊಳ್ಳದೆ ಮುಚ್ಚುತ್ತೇನೆ, ಬಾಗಿಲ ಬಳಿ ಹೋಗಿ ಬರುತ್ತೇನೆ. ಕೈಗೆ ಕೆಲಸವಿಲ್ಲದಿದ್ದರೆ ನನ್ನ ತಲೆಗೆ ಕಥೆ ಇಳಿಯುವುದಿಲ್ಲ. ಇನ್ನೊಂದು ಚಾಳಿಯೂ ಇದೆ. ಕಾದಂಬರಿ ಕೈಗೆ ಬಂದ ತಕ್ಷಣ ಕೊನೆಯ ಪುಟ ಓದಿಬಿಡುತ್ತೇನೆ. ಮಗಳಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

"ಕೊನೆ ಗೊತ್ತಾದ್ಮೇಲೆ ಇನ್ನೇನಮ್ಮ ಓದೋದು?"

"ರೇಟು ಗೊತ್ತಾದ್ಮೇಲೇ ತಾನೇ ಸೀರೆ ಬಿಚ್ಚಿಸೋದು?"

"ನಿನಗೆ ಎಲ್ಲಾನೂ ಅಂಗಡೀನೇ."

ಇರಬಹುದು. ಆದರೆ ಪುಸ್ತಕ ಕೊಳ್ಳುವವರಿಗೆ ನಾನು ಕೊಡುವ ಸಲಹೆ ಇದು: ಬೆನ್ನಿನ ಮೇಲೆ ಬರೆದಿರುವ ಹೊಗಳಿಕೆ ನೋಡಬೇಡಿ, ಅದು ಅಂಗಡಿಯ ಗಾಜಿನಲ್ಲಿ ಬೊಂಬೆಗೆ ಉಡಿಸಿದ ಸೀರೆ. ನಡುವೆ ಎಲ್ಲಾದರೂ ಒಂದು ಪುಟ ತೆಗೆದು, ಅಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದಾರೆ ನೋಡಿ. ಯಾರೂ ಏನೂ ಕೆಲಸ ಮಾಡದೆ ಬರೀ ಕಿಟಕಿಯ ಬಳಿ ನಿಂತಿದ್ದರೆ ವಾಪಸ್ ಇಟ್ಟುಬಿಡಿ. ಈ ಸಲದ ಮೊದಲ ಕಾದಂಬರಿ ಅಂಥದ್ದೇ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಕಥೆ. ಅರ್ಧ ಪುಸ್ತಕ ಗೋಡೆಯನ್ನೇ ನೋಡುತ್ತಾ ನಿಂತಿರುತ್ತಾರೆ, ಗೋಡೆ ಎಷ್ಟು ದಪ್ಪ ಎಂದು ಒಬ್ಬನೂ ಅಳೆಯುವುದಿಲ್ಲ. ಎರಡನೆಯದರಲ್ಲಿ ಒಬ್ಬ ನರ್ಸ್ ಇದ್ದಾಳೆ, ಪುಸ್ತಕದ ಉದ್ದಕ್ಕೂ ಅವಳ ಕೈ ಸುಮ್ಮನಿರುವುದಿಲ್ಲ. ಅವಳ ದುಃಖವನ್ನು ನಾನು ನಂಬಿದೆ. ಕೆರೆಗಳ ಪುಸ್ತಕವನ್ನು ಕೊಂಡದ್ದು ಅದರಲ್ಲಿ ನಮ್ಮ ಹಲಸೂರು ಕೆರೆ ಇದೆಯೇ ಎಂದು ನೋಡಲು. ಇದೆ, ಆದರೆ ಬರೀ ನೀರು, ಏರಿ, ಹೂಳು. ಏರಿಯ ಈಚೆ ಬೀದಿಯಲ್ಲಿ ಒಂದು ಮನೆಯ ತುಂಬ ಹೆಂಗಸರು ಕೂತು ಕಾದಂಬರಿ ಕೇಳುತ್ತಿದ್ದದ್ದು ಅದನ್ನು ಬರೆದವರಿಗೆ ಹೇಗೆ ಗೊತ್ತಾಗಬೇಕು. ನಾನು ಓದುಗಿಯಾದದ್ದು ಆ ಮನೆಯಲ್ಲಿ, ವ್ಯಾಪಾರಸ್ಥೆಯಾದದ್ದೂ ಅಲ್ಲೇ. ಎರಡೂ ಒಂದೇ ವಾರದಲ್ಲಿ ಆಯಿತು ಎಂದು ಈಗ ಅನಿಸುತ್ತದೆ.

ಹಲಸೂರಿನ ಆ ಮನೆ ರೈಲುಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆಗಳದ್ದು. ಮುಂದೆ ಬೀದಿಗೆ ಬಾಗಿಲಿರುವ ಹಾಲು, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಚೆ ಬಚ್ಚಲು. ಒಳಬಾಗಿಲುಗಳಿಗೆಲ್ಲ ಪರದೆ ಬಿಟ್ಟರೆ ಬೇರೇನೂ ಇರಲಿಲ್ಲ, ಆದ್ದರಿಂದ ಅಡುಗೆಮನೆಯ ಒಗ್ಗರಣೆಗೆ ಹಾಲಿನಲ್ಲಿ ಕೂತವರು ಕೆಮ್ಮುತ್ತಿದ್ದರು. ಬಾಗಿಲು, ಬೋಲ್ಟು ಎರಡೂ ಇದ್ದ ಒಳಕೋಣೆ ಒಂದೇ, ನಡುಮನೆಯ ಪಕ್ಕದ ಚಿಕ್ಕ ಕೋಣೆ. ಅದರಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ರಾಗಿ ಮೂಟೆ, ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲು ಇದ್ದವು. ನಮ್ಮಜ್ಜನ ಕಾಲಕ್ಕೆ ಮನೆಗೆ ಹೊಲವಿತ್ತಂತೆ. ನನ್ನ ಕಾಲಕ್ಕೆ ಉಳಿದದ್ದು ಆ ಮೂಟೆ ಇಡುವ ಅಭ್ಯಾಸ ಮತ್ತು ಅಜ್ಜಿಯ ಭಾಷೆ. ಅಪ್ಪ ಬಸ್ಸಿನ ಕಂಡಕ್ಟರು, ಬೆಳಿಗ್ಗೆ ಹೋದರೆ ಸಂಜೆಯ ಮೇಲೆಯೇ ಕಾಣುತ್ತಿದ್ದದ್ದು. ಹಾಗಾಗಿ ಹಗಲಿನ ಮನೆ ಪೂರ್ತಿ ಹೆಂಗಸರದ್ದು, ಆಳ್ವಿಕೆ ಅಜ್ಜಿಯದ್ದು.

ಅಲ್ಲಿ ನಡೆಯುತ್ತಿದ್ದದ್ದು ರವಿಕೆಯ ಕೈಕೆಲಸ. ಶಿವಾಜಿನಗರದ ಖಾದರ್ ಮಾಸ್ಟರು ಮಿಷನ್ನಿನಲ್ಲಿ ಹೊಲಿದ ರವಿಕೆಗಳನ್ನು ಗಂಟು ಕಟ್ಟಿ ತಂದುಹಾಕುತ್ತಿದ್ದರು. ಅದಕ್ಕೆ ಹುಕ್ಕು ಹಾಕುವುದು, ದಾರದಲ್ಲಿ ಹುಕ್ಕಿನ ಕಣ್ಣು ಕಟ್ಟುವುದು, ಅಂಚು ಮಡಿಸಿ ಹೊಲಿಯುವುದು ನಮ್ಮ ಮನೆಯವರ ಕೆಲಸ. ಅಜ್ಜಿ, ಅಮ್ಮ, ಎದುರುಮನೆಯ ಸೆಲ್ವಿ ಅಕ್ಕ, ಹೀಗೆ ಗೋಡೆಗೊರಗಿ ಸಾಲಾಗಿ ಕೂರುತ್ತಿದ್ದರು. ಶಾಲೆಯಿಲ್ಲದ ದಿನ ಸಾಲಿನ ಕೊನೆಗೆ ನಾನು, ಸೂಜಿಗೆ ದಾರ ಪೋಣಿಸಲು. ಮತ್ತೆ ಅವರೆಲ್ಲರ ಎದುರಿಗೆ, ಕಿಟಕಿಯ ಕೆಳಗೆ, ಸರೋಜತ್ತೆ. ಅಪ್ಪನ ತಂಗಿ. ಗಂಡನಾದವನು ಹೇಳದೆ ಕೇಳದೆ ಊರು ಬಿಟ್ಟುಹೋದ ಮೇಲೆ ತವರಿಗೆ ಬಂದವಳು. ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿದ್ದ ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಸೂಜಿ ಹಿಡಿಯುವಂತಿರಲಿಲ್ಲ. ಕೆಲಸ ಮಾಡದವರಿಗೆ ಜಾಗವಿಲ್ಲದ ಮನೆ ನಮ್ಮದು. ಅದಕ್ಕೇ ಅವಳ ಪಾಲಿಗೆ ಓದುವ ಕೆಲಸ ಬಂತು. ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಲೈಬ್ರರಿ ಇತ್ತು. ಅಲ್ಲಿಂದ ಕಾದಂಬರಿ ತಂದು, ಊಟದ ಹೊತ್ತು ಬಿಟ್ಟು, ಗಟ್ಟಿಯಾಗಿ ಓದುತ್ತಿದ್ದಳು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಪುಸ್ತಕ ಆರಿಸುವುದು ಅವಳೇ. ಅದಕ್ಕೆ ಅವಳಿಗೊಂದು ಲೆಕ್ಕಾಚಾರವಿತ್ತು: ಯಾವ ಕಥೆಗೆ ಕೈ ಹೇಗೆ ಓಡುತ್ತದೆ ಎಂದು. ಓಡಿಹೋಗುವ, ಹುಡುಕುವ, ಬೆನ್ನಟ್ಟುವ ಕಥೆಗೆ ಅಂಚು ಮಡಿಸುವ ಹೆಮ್ಮಿಂಗ್ ಸರಸರ ಸಾಗುತ್ತದೆ. ಅತ್ತೆ ಸೊಸೆ ಜಗಳದ ಕಥೆಗೆ ಹುಕ್ಕು ಗಟ್ಟಿಯಾಗಿ ಕೂರುತ್ತದೆ, ಏಕೆಂದರೆ ಎಲ್ಲರೂ ಹಲ್ಲು ಕಚ್ಚಿ ದಾರ ಎಳೆಯುತ್ತಾರೆ. ಪ್ರೀತಿಯ ಕಥೆ ಬಂದರೆ ಸೂಜಿ ಗಾಳಿಯಲ್ಲೇ ನಿಲ್ಲುತ್ತದೆ, ಆದ್ದರಿಂದ ಅದು ಹಬ್ಬದ ಹಿಂದಿನ ವಾರ ಮನೆಯೊಳಗೆ ಕಾಲಿಡುವಂತಿಲ್ಲ. ಯಾರಾದರೂ ಸಾಯುವ ಅಧ್ಯಾಯವನ್ನು ಅತ್ತೆ ಮೊದಲೇ ಕಣ್ಣಾಡಿಸಿ ತಿಳಿಸಬೇಕು. ಅದನ್ನು ಸಂಜೆ ಕಾಫಿಯ ಹೊತ್ತಿಗೆ, ಕೈ ಖಾಲಿಯಿರುವಾಗ ಓದುವುದು. ಪುಸ್ತಕದ ವಿಮರ್ಶೆ ಎಂದು ಈಗ ಪತ್ರಿಕೆಗಳಲ್ಲಿ ಓದುವಾಗೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳಷ್ಟು ನೇರವಾಗಿ ಇವರು ಹೇಳುವುದಿಲ್ಲ.

ನಾನು ಓದುಗಿಯಾದ ಆ ವರ್ಷ, ಬೇಸಿಗೆ ರಜೆಯಲ್ಲಿ ಬಂದ ಕಾದಂಬರಿಯ ಹೆಸರು ನನಗೆ ನೆನಪಿಲ್ಲ, ರಟ್ಟು ಹರಿದಿತ್ತು. ನಾಯಕಿ ವನಮಾಲೆ. ಗಂಡ ಅವಳನ್ನು ಬಿಟ್ಟು ಹೋಗಿದ್ದಾನೆ. ಅವಳು ಹೇಗೋ ತನ್ನ ಕಾಲ ಮೇಲೆ ನಿಂತಿದ್ದಾಳೆ. ಒಂದು ಮಧ್ಯಾಹ್ನ ಅವನು ತಿರುಗಿ ಬಂದು ಬಾಗಿಲು ಬಡಿಯುತ್ತಾನೆ. ಬೆನ್ನಟ್ಟುವ ಕಥೆಯೆಂದು ಲೈಬ್ರರಿಯವನು ಹೇಳಿ ಕೊಟ್ಟಿದ್ದನಂತೆ, ಅಜ್ಜಿ ನಂಬಿದ್ದಳು. ಅತ್ತೆ ಆ ಅಧ್ಯಾಯಕ್ಕೆ ಬಂದಾಗ ಅವಳ ದನಿ ಬೇರೆಯಾಯಿತು. ಸಾಮಾನ್ಯವಾಗಿ ಅವಳು ಒಬ್ಬೊಬ್ಬರ ಮಾತಿಗೆ ಒಂದೊಂದು ದನಿ ಮಾಡಿ ನಗಿಸುತ್ತಿದ್ದಳು. ಅವತ್ತು ಮಾಡಲಿಲ್ಲ, ದಿನಸಿಯ ಲೆಕ್ಕ ಓದಿದ ಹಾಗೆ ಓದಿದಳು. ವನಮಾಲೆ ಬಾಗಿಲ ಬಳಿ ಬಂದಳು. ಬೋಲ್ಟಿನ ಮೇಲೆ ಕೈಯಿಟ್ಟಳು.

"ಪಾವಂ, ಪಾಪ ಕಣಕ್ಕಾ," ಎಂದರು ಸೆಲ್ವಿ ಅಕ್ಕ. "ತೆಗಿಬಾರ್ದು. ತೆಗೆದ್ರೆ ಮುಗೀತು."

"ಬಿಸಿಲಲ್ಲಿ ನಿಂತವ್ನೆ, ನೀರಾದ್ರೂ ಕೊಡ್ಬೇಕಲ್ಲ," ಎಂದಳು ಅಮ್ಮ.

"ಕಿಟಕೀಲಿ ಕೊಡ್ಲಿ."

ಅಜ್ಜಿಯ ಮಡಿಲಲ್ಲಿ ಹೊಸ ಗಂಟಿನ ಮೊದಲ ರವಿಕೆ ಇತ್ತು, ಅದೇ ಉಳಿದವರಿಗೆ ಮಾದರಿ. ರವಿಕೆಯ ಬಲಗಡೆಗೆ ಹುಕ್ಕು, ಎಡಗಡೆಗೆ ಕಣ್ಣು. ಕಣ್ಣುಮುಚ್ಚಿ ಮಾಡುವ ಕೆಲಸ. ಅವಳು ಮಗಳ ಮುಖ ನೋಡುತ್ತಾ, ರವಿಕೆಯ ಒಳಮಗ್ಗುಲು ಮೇಲಾಗಿರುವುದನ್ನು ಮರೆತು, ಎಡಕ್ಕೆ ಹುಕ್ಕು ಹಾಕಿ ಮುಂದಕ್ಕೆ ದಾಟಿಸಿದಳು. ಅಮ್ಮ ಅದನ್ನು ನೋಡಿ ಹಾಕಿದಳು, ಅಮ್ಮನದನ್ನು ನೋಡಿ ಸೆಲ್ವಿ ಅಕ್ಕ. ಎಲ್ಲರ ಕಿವಿ ಆ ಬಾಗಿಲ ಬಳಿ ಇತ್ತು. ಅಷ್ಟರಲ್ಲಿ ಅತ್ತೆ ಪುಸ್ತಕ ಮುಚ್ಚಿ ನೀರು ಕುಡಿಯಲು ಎದ್ದುಹೋದಳು, ಅವತ್ತು ಮತ್ತೆ ಓದಲಿಲ್ಲ. ಗಂಟು ಪೂರ್ತಿ ಮುಗಿಯಿತು. ಒಂದೇ ಮದುವೆ ಮನೆಯ ರವಿಕೆಗಳು, ಎಲ್ಲ ಒಂದೇ ಗಿಣಿಹಸಿರು, ಎಲ್ಲ ಉಲ್ಟಾ.

ಮಾರನೆಯ ದಿನ ಖಾದರ್ ಮಾಸ್ಟರು ಹೊಸಿಲಿನಲ್ಲೇ ಒಂದು ರವಿಕೆ ಹರಡಿಕೊಂಡು ನಿಂತರು.

"ಕ್ಯಾ ಅಮ್ಮಾ ಇದು? ಮದುವೆ ಹುಡುಗಿ ಕನ್ನಡೀಲಿ ನೋಡ್ಕೊಂಡು ಹಾಕ್ಕೋಬೇಕಾ?"

ನಗುತ್ತಲೇ ಹೇಳಿದರು, ಆದರೆ ಮುಂದಿನ ಗಂಟು ಕೆಳಗಿಡಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಹಾಕುವ ತನಕ ಬೇರೆ ಕೆಲಸವಿಲ್ಲ ಎಂದು ಹೊರಟುಹೋದರು. ಅಜ್ಜಿ ಬ್ಲೇಡು ತರಿಸಿದಳು. ಸಾಲಿನಲ್ಲಿ ಕೂತವರೆಲ್ಲ ದಾರ ಕತ್ತರಿಸತೊಡಗಿದರು. ಅತ್ತೆ ಕಿಟಕಿಯ ಕೆಳಗೆ ಬಂದು ಕೂತು ಪುಸ್ತಕಕ್ಕೆ ಕೈಚಾಚಿದಳು, ಪುಸ್ತಕ ಅಲ್ಲಿರಲಿಲ್ಲ.

"ಇನ್ನು ಓದೋದೂ ಬ್ಯಾಡ, ಕೇಳೋದೂ ಬ್ಯಾಡ," ಎಂದಳು ಅಜ್ಜಿ, ತಲೆಯೆತ್ತದೆ. "ಆ ಹಾಳು ಪುಸ್ತಕದಿಂದ ಮನೆ ಮರ್ವಾದೆ ಹೋಯ್ತು."

"ಹಂಗಾದ್ರೆ ನಾನೇನ್ ಮಾಡ್ಲಿ ಇಲ್ಲಿ?" ಎಂದಳು ಅತ್ತೆ.

"ದೊಡ್ಡೋನು ಎಷ್ಟು ದಿನದಿಂದ ಕರೀತಾವ್ನೆ. ಅವನ ಹೆಂಡ್ತಿ ಆಫೀಸಿಗೆ ಹೋಗ್ತಾಳೆ, ಮಕ್ಳನ್ನ ನೋಡ್ಕಳಕ್ಕೆ ಜನ ಇಲ್ಲ. ಭಾನ್ವಾರ ಬರಕ್ಕೆ ಹೇಳ್ತೀನಿ."

ದೊಡ್ಡೋನು ಎಂದರೆ ಕೆ.ಆರ್.ಪುರಂನಲ್ಲಿದ್ದ ನನ್ನ ದೊಡ್ಡಪ್ಪ. ಅತ್ತೆ ಎದ್ದು ನಡುಮನೆಗೆ ಹೋದಳು, ಮಂಚದ ಕೆಳಗಿನ ಟ್ರಂಕು ಎಳೆದ ಸದ್ದು ಪರದೆಯಾಚೆ ಕೇಳಿಸಿತು. ಅದಾದ ಮೇಲಿನ ಒಂದೆರಡು ದಿನಗಳು ನನ್ನ ಮೈಯಲ್ಲಿ ಇನ್ನೂ ಇವೆ. ಓದಿಲ್ಲದ ಹಾಲಿನಲ್ಲಿ ಬ್ಲೇಡಿನ ಚರಚರ ಸದ್ದು, ಬಸ್ಸಿನ ಹಾರನ್ನು, ಸೆಲ್ವಿ ಅಕ್ಕನ ನಿಟ್ಟುಸಿರು. ಮುದ್ದೆ ನುಂಗುವಾಗಲೂ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಾನು ಹಾಲಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಲಿಗೆ ತಿರುಗುತ್ತಿದ್ದೆ. ಎಲ್ಲಿ ಕೂತರೂ ಆ ಬಾಗಿಲ ಮುಂದೆ ಒಬ್ಬ ನಿಂತಿದ್ದಾನೆ, ಒಳಗೆ ಒಬ್ಬಳ ಕೈ ಬೋಲ್ಟಿನ ಮೇಲಿದೆ. ಅದನ್ನು ಹಾಗೇ ಬಿಟ್ಟು ಜನ ಸಾರಿಗೆ ಉಪ್ಪು ಹಾಕುವುದು ಹೇಗೆ ಎಂದು ನನಗೆ ಅರ್ಥವೇ ಆಗಲಿಲ್ಲ.

ಅಜ್ಜಿ ನನಗೆ ಜಡೆ ಹಾಕುವ ಹೊತ್ತು ನೋಡಿ ಮಾತು ತೆಗೆದೆ. ಚೌಕಾಸಿ ಮಾಡುವವರಿಗೆ ಹೇಳುತ್ತೇನೆ: ಎದುರಿನವರ ಎರಡು ಕೈಯೂ ಕೆಲಸದಲ್ಲಿರುವಾಗ ಮಾತು ಶುರುಮಾಡಿ, ಎದ್ದುಹೋಗಲು ಆಗುವುದಿಲ್ಲ. ಮತ್ತೆ, ಬೇಕಾದದ್ದಕ್ಕಿಂತ ದೊಡ್ಡದನ್ನು ಮೊದಲು ಕೇಳಿ.

"ಅಜ್ಜಿ, ಅತ್ತೆ ಜೊತೆ ನಾನೂ ಕೆ.ಆರ್.ಪುರಂಗೆ ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಸೇರ್ತೀನಿ."

"ಹಲ್ಲು ಉದುರಿಸ್ತೀನಿ."

"ಸರಿ, ಹೋಗಲ್ಲ. ಆದ್ರೆ ಅತ್ತೇನೂ ಹೋಗ್ಬಾರ್ದು. ಕಾದಂಬರಿ ಬೇಡ. ವಿಷಯದ ಪುಸ್ತಕ ಓದ್ಲಿ. ಅದ್ರಲ್ಲಿ ಬಾಗಿಲೂ ಇರಲ್ಲ, ಗಂಡನೂ ಇರಲ್ಲ. ಹುಕ್ಕು ತಪ್ಪಲ್ಲ."

"ಓದೋಳಿಂದ ತಾನೆ ತಪ್ಪಾಗಿದ್ದು."

"ಹೌದಜ್ಜಿ," ಎಂದೆ. ಅಜ್ಜಿ ಇನ್ನೊಂದು ಹೆಣಿಗೆ ಹಾಕಿದ ಮೇಲೆ, "ಮೊದಲ್ನೇ ರವಿಕೆ ಯಾರು ಮಾಡಿದ್ದು ಅಂತ ಖಾದರ್ ಮಾಸ್ಟರು ಕೇಳ್ಲೇ ಇಲ್ಲ ಅಲ್ವಾ?"

ಕೂದಲಿನಲ್ಲಿ ಅಜ್ಜಿಯ ಬೆರಳು ನಿಂತಿತು. ನಾನು ಮುಂದೆ ಒಂದು ಮಾತೂ ಸೇರಿಸಲಿಲ್ಲ. ಅಲ್ಲಿ ಇನ್ನೊಂದು ಮಾತು ಸೇರಿಸಿದ್ದರೆ ಏಟು ಬೀಳುತ್ತಿತ್ತು, ಮಾತು ಮುರಿಯುತ್ತಿತ್ತು. ಇವತ್ತಿಗೂ ಸಗಟು ವ್ಯಾಪಾರಿಗಳ ಮುಂದೆ ಕೂತಾಗ ನಾನು ಆ ನಿಂತ ಬೆರಳನ್ನು ನೆನಪು ಮಾಡಿಕೊಂಡು ಬಾಯಿ ಮುಚ್ಚಿಕೊಳ್ಳುತ್ತೇನೆ. ಜಡೆ ಬಿಗಿಯಾಯಿತು, ನೋಯುವಷ್ಟು. ರಿಬ್ಬನ್ನು ಕಟ್ಟಿ ಆದ ಮೇಲೆ ಅಜ್ಜಿ ಹೇಳಿದಳು:

"ಎಂಥಾ ಪುಸ್ತಕ ಅದು, ವಿಷಯದ್ದು?"

ಲೈಬ್ರರಿಯಲ್ಲಿ ಅಂಥದ್ದು ಸಿಕ್ಕಿದ್ದೇ ಒಂದು, ಜೇನು ಸಾಕುವವರಿಗೆ ಬರೆದದ್ದು. ಅತ್ತೆ ಮುಖದಲ್ಲಿ ಏನೂ ತೋರಿಸದೆ ಓದಲು ಕೂತಳು. ಪೆಟ್ಟಿಗೆಯ ಅಳತೆ, ಹೊಗೆ ಹಾಕುವ ಬಗೆ. ಅಮ್ಮ ಆಕಳಿಸಿದಳು. ಸೆಲ್ವಿ ಅಕ್ಕನ ಸೂಜಿ ಆಮೆಯಂತೆ ಹೊರಟಿತು. ಆದರೆ ಹುಕ್ಕು ಒಂದೂ ತಪ್ಪಲಿಲ್ಲ. ಹಾಗೇ ರಾಣಿ ಹುಳದ ಪಾಠ ಬಂತು.

"ರಾಣಿ ಹುಳ ಬೇರೆ ಕೆಲಸ ಮಾಡಲ್ವಂತೆ," ಎಂದಳು ಅಮ್ಮ, ದಾರ ಕಚ್ಚುತ್ತಾ. "ಕೂತಲ್ಲೇ ಎಲ್ಲರಿಗೂ ಕೆಲಸ ಹೇಳುತ್ತಂತೆ."

"ಯಾರಿಗೆ ಹೇಳ್ತಾ ಇದೀಯ ನೀನು?" ಎಂದಳು ಅಜ್ಜಿ.

"ಹುಳಕ್ಕೆ ಅತ್ತೆ, ಹುಳಕ್ಕೆ."

ಗೂಡಿನಲ್ಲಿ ಹೊಸ ರಾಣಿ ಹುಟ್ಟಿದರೆ ಹಳೆಯ ರಾಣಿ ಅರ್ಧ ಹುಳಗಳನ್ನು ಕರೆದುಕೊಂಡು ಹೊರಟುಬಿಡುತ್ತದೆ ಎಂದು ಸರೋಜತ್ತೆ ಓದಿದಳು. ಅಜ್ಜಿ ಸೂಜಿ ಕೆಳಗಿಟ್ಟಳು.

"ಹಳೇದು ಯಾಕೆ ಹೋಗ್ಬೇಕು? ಗೂಡು ಕಟ್ಟಿಸಿದ್ದು ಅದು ತಾನೆ? ಎಲ್ಲಿಗೆ ಹೋಯ್ತು?"

"ಬರೆದಿಲ್ಲಮ್ಮ. ಇದು ಕಥೆ ಅಲ್ಲ."

"ಬರೀದೇ ಇದ್ರೆ ಅದೆಂಥಾ ಪುಸ್ತಕ," ಎಂದು ಅಜ್ಜಿ ಆ ಇಡೀ ಸಂಜೆ ಹಳೆಯ ರಾಣಿಯ ಪರವಾಗಿ ಜಗಳವಾಡಿದಳು. ಕಾದಂಬರಿ ಬೇರೆ, ವಿಷಯದ ಪುಸ್ತಕ ಬೇರೆ ಎಂದು ಅಂಗಡಿಗಳಲ್ಲಿ ಕಪಾಟು ಮಾಡಿ ಇಡುತ್ತಾರಲ್ಲ, ಅದರಲ್ಲಿ ನನಗೆ ನಂಬಿಕೆ ಹೋದದ್ದು ಆ ಸಂಜೆ.

ಭಾನುವಾರ ದೊಡ್ಡಪ್ಪ ಲಗೇಜ್ ಆಟೋ ಕರೆದುಕೊಂಡೇ ಬಂದರು. ಕಾಫಿ ಕುಡಿಯುತ್ತಿದ್ದಾಗ ಅಜ್ಜಿ, ಏನೂ ಆಗದವಳಂತೆ, ಸರೋಜ ಇಲ್ಲೇ ಇರ್ತಾಳೆ, ಅವಳ ಓದು ನಮಗೆ ಬೇಕು ಎಂದಳು. ನಾನು ಗೆದ್ದೆ ಎಂದುಕೊಂಡೆ. ನಡುಮನೆಯ ಪರದೆ ಸರಿಯಿತು. ಅತ್ತೆ ಒಳ್ಳೆಯ ಸೀರೆಯುಟ್ಟು, ಟ್ರಂಕನ್ನು ಎಡಗೈಯಲ್ಲಿ ಎಳೆದುಕೊಂಡು ಬಂದು, ಅದರ ಮೇಲೇ ಕೂತಳು.

"ಅಜ್ಜಿ ಮೊಮ್ಮಗಳು ಇಬ್ರೂ ಮಾತಾಡ್ಕೊಂಡ್ರಿ. ನನ್ನ ಯಾರೂ ಕೇಳ್ಲಿಲ್ಲ."

"ನಿನಗೆ ಇಲ್ಲಿರೋ ಆಸೆ ಇಲ್ವಾ?" ಎಂದಳು ಅಮ್ಮ.

"ಇಲ್ಲಿಗೆ ಬಂದಾಗಿನಿಂದ ಓದ್ತಾನೇ ಇದೀನಿ ಅತ್ತಿಗೆ. ಒಂದು ಪುಸ್ತಕನಾದ್ರೂ ನಾನೇ ಓದಿದೀನಾ? ಎಲ್ಲಾ ನಿಮಗೆ ಓದಿದ್ದು. ಒಂದು ಸಾಲು ಚೆನ್ನಾಗಿದೆ ಅಂತ ಎರಡು ಸಲ ಓದಿದ್ರೆ, ಮುಂದಕ್ಕೆ ಹೋಗು, ಸೂಜಿ ನಿಲ್ತು ಅಂತೀರಿ. ಅಣ್ಣನ ಮನೇಲಿ ಮಕ್ಕಳು ಮಲಗಿದ್ಮೇಲಾದ್ರೂ ಬಾಯಿ ಮುಚ್ಕೊಂಡು ಓದ್ಬೋದು."

ಅವಳ ಬಾಯಿಂದ ಕೇಳಿದ್ದೆಲ್ಲ ಬೇರೆಯವರ ಮಾತು. ಅವಳದೇ ಮಾತು ಇಷ್ಟು ಉದ್ದ ನಾವು ಕೇಳಿರಲಿಲ್ಲ. ಅವಳು ಮುಂದುವರಿಸಿದಳು.

"ಇರು ಅಂದ್ರೆ ಇರ್ತೀನಿ. ಬೆಳಿಗ್ಗೆ, ಸಂಜೆ ನಿಮಗೆ ಓದ್ತೀನಿ. ಮಧ್ಯಾಹ್ನ ಊಟ ಆದ್ಮೇಲೆ ಆ ಚಿಕ್ಕ ಕೋಣೆ ನಂದು. ಒಳಗೆ ನಾನು ಏನು ಓದಿದೆ ಅಂತ ಯಾರೂ ಕೇಳ್ಬಾರ್ದು."

"ಅಲ್ಲಿ ರಾಗಿ ಐತೆ," ಎಂದಳು ಅಜ್ಜಿ.

"ಕೋಣೆ ತಾನೇ?" ಎಂದರು ದೊಡ್ಡಪ್ಪ, ಲೋಟ ಕೆಳಗಿಟ್ಟು. "ನಮ್ಮನೇಲಿ ಮೇಲ್ಗಡೆ ರೂಮು ಖಾಲಿ ಇದೆ ಸರೋಜ. ಫ್ಯಾನೂ ಇದೆ."

ಆಗ ನೋಡಬೇಕಿತ್ತು ಅಜ್ಜಿಯ ಮುಖ. ಒಂದು ಸಾಮಾನಿಗೆ ಎರಡನೆಯ ಗಿರಾಕಿ ಬಂದಾಗ ಮೊದಲನೆಯವರು ಮಾಡುವ ಮುಖ ಅದು, ಆಮೇಲೆ ನನ್ನ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅತ್ತೆ ದೊಡ್ಡಪ್ಪನ ಕಡೆಯೂ ನೋಡಲಿಲ್ಲ, ಅಜ್ಜಿಯ ಕಡೆಯೂ ನೋಡಲಿಲ್ಲ, ಸೆರಗಿನ ಅಂಚು ಸರಿಮಾಡಿಕೊಂಡಳು. ಜಡೆ ಹಾಕಿಸಿಕೊಳ್ಳುತ್ತಾ ನಾನು ನಡೆಸಿದ ವ್ಯಾಪಾರವೆಲ್ಲ ಇವಳಿಗಾಗಿ ಬೆಲೆ ಏರಿಸಿದ್ದಷ್ಟೇ ಎಂದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ.

"ಎದ್ದೇಳೋ," ಎಂದಳು ಅಜ್ಜಿ ಮಗನಿಗೆ. "ಬಂದಿದೀಯ ತಾನೆ, ಆ ಮೂಟೆ ಎತ್ತಿ ನಡುಮನೆಗೆ ಹಾಕು."

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿದ್ದ ದೊಡ್ಡಪ್ಪ ಮೂಟೆ ಎಳೆದರು. ಹಂಡೆ ಹೊರಗೆ ಬಂತು, ತೊಟ್ಟಿಲು ಹೊರಗೆ ಬಂತು. ಅಮ್ಮ ನೆಲ ಗುಡಿಸಿ ಚಾಪೆ ಹಾಸಿದಳು. ಅತ್ತೆ ಆಗಲೂ ಟ್ರಂಕಿನಿಂದ ಏಳಲಿಲ್ಲ.

"ಇನ್ನೇನು?" ಎಂದಳು ಅಜ್ಜಿ.

"ಪುಸ್ತಕ."

ಅಜ್ಜಿ ತನ್ನ ಹಾಸಿಗೆಯ ಬಳಿ ಹೋಗಿ, ದಿಂಬಿನ ಕವರಿನೊಳಗಿಂದ ರಟ್ಟು ಹರಿದ ಕಾದಂಬರಿ ತೆಗೆದುಕೊಟ್ಟಳು. ಅಕ್ಷರ ಬಾರದವಳು ಅದನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು ಎಂಬುದನ್ನು ಎಲ್ಲರೂ ನೋಡಿದೆವು.

ಕೊನೆಯ ಪುಟ ಮೊದಲು ಓದುವವಳು ನಾನು, ಆದ್ದರಿಂದ ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಅತ್ತೆ ಆ ಪುಸ್ತಕವನ್ನು ಎರಡೇ ಮಧ್ಯಾಹ್ನದಲ್ಲಿ ಮುಗಿಸಿ ತಾನೇ ಹಿಂದಿರುಗಿಸಿ ಬಂದಳು. ಒಪ್ಪಂದ ಒಪ್ಪಂದವೇ, ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ಸ್ವಂತ ದುಡ್ಡು ನೋಡುವ ಹೊತ್ತಿಗೆ ಆ ಲೈಬ್ರರಿ ಮುಚ್ಚಿ ಮೊಬೈಲ್ ಅಂಗಡಿಯಾಗಿತ್ತು. ಹಳೆ ಪುಸ್ತಕದ ಅಂಗಡಿಗಳಲ್ಲಿ ರಟ್ಟಿಲ್ಲದ ಕಾದಂಬರಿ ಕಂಡರೆ ಇವತ್ತಿಗೂ ತಿರುವಿ ವನಮಾಲೆಯನ್ನು ಹುಡುಕುತ್ತೇನೆ. ಅತ್ತೆ ಈಗ ಕಮ್ಮನಹಳ್ಳಿಯಲ್ಲಿ ನನ್ನ ಜೊತೆಯೇ ಇದ್ದಾಳೆ, ನರ್ಸಿನ ಕಾದಂಬರಿಯನ್ನು ನನಗಿಂತ ಮೊದಲೇ ಓದಿ ಮುಗಿಸಿದಳು. ಹೋದ ವಾರ ಕೂಡ ಕೇಳಿದೆ, ವನಮಾಲೆ ಬಾಗಿಲು ತೆಗೆದಳಾ ಎಂದು. ಕನ್ನಡಕ ಒರೆಸಿಕೊಂಡು, "ಆ ಕೋಣೆಗೆ ರಾಗಿ ಮೂಟೆ ವಾಪಸ್ ಬಂದ್ರೆ ಹೇಳ್ತೀನಿ," ಎಂದಳು.

ಆ ಭಾನುವಾರಕ್ಕೆ ವಾಪಸ್ ಬರುತ್ತೇನೆ. ದೊಡ್ಡಪ್ಪ ಖಾಲಿ ಆಟೋದಲ್ಲಿ ಹೊರಟುಹೋದರು. ಊಟವಾಯಿತು. ಅತ್ತೆ ಪುಸ್ತಕ ಹಿಡಿದು ಚಿಕ್ಕ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು, ಬೋಲ್ಟು ಜಾರಿದ ಸದ್ದಾಯಿತು. ನಮ್ಮ ಮನೆಯಲ್ಲಿ ಒಬ್ಬರು ಓದುತ್ತಿದ್ದು ಉಳಿದವರಿಗೆ ಏನೂ ಕೇಳಿಸದ ಮೊದಲ ಮಧ್ಯಾಹ್ನ ಅದು. ಸೆಲ್ವಿ ಅಕ್ಕ ಬಂದು, ಬಾಗಿಲು ನೋಡಿ, ತಮ್ಮ ಜಾಗದಲ್ಲಿ ಕೂತರು. ಹೊಸ ಗಂಟು ಬಿಚ್ಚಿತ್ತು, ಯಾರ ಕೈಯೂ ಓಡಲಿಲ್ಲ. ಅಜ್ಜಿ ಕಾಫಿ ಮಾಡಲು ಎದ್ದಳು, ಇನ್ನೂ ಹೊತ್ತಾಗಿರಲಿಲ್ಲ. ಲೋಟ ಹಿಡಿದು ಆ ಬಾಗಿಲ ಮುಂದೆ ನಿಂತು ನನ್ನನ್ನು ಕೈಸನ್ನೆಯಲ್ಲಿ ಕರೆದಳು.

"ಏನ್ ಮಾಡ್ತಾವ್ಳೆ?"

ನಾನು ಬಾಗಿಲಿಗೆ ಕಿವಿಯಿಟ್ಟೆ. "ಪುಟ ತಿರುಗಿಸ್ತಾ ಇದಾಳೆ."

"ಅಳ್ತಾವ್ಳಾ?"

"ಇಲ್ಲಜ್ಜಿ."

"ನಗ್ತಾವ್ಳಾ?"

"ಗೊತ್ತಾಗಲ್ಲ."

"ಆ ವನಮಾಲೆ ಬಾಗಿಲು ತೆಗೆದ್ಲಾ ಅಂತ ಕೇಳು."

"ಕೇಳ್ಬಾರ್ದು ಅಂತ ಮಾತಾಗಿದೆಯಲ್ಲಜ್ಜಿ."

ಅಜ್ಜಿ ಬಾಗಿಲು ಬಡಿಯಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿಸಿ, ಬಗ್ಗಿ, ಲೋಟವನ್ನು ಹೊಸಿಲ ಮೇಲಿಟ್ಟು, ಮೇಲೆ ತಟ್ಟೆ ಮುಚ್ಚಿ, ಗೋಡೆಗೊರಗಿ ನೆಲದ ಮೇಲೆ ಕೂತಳು.